ನೂರಾ ಹನ್ನೆರಡು ಎಣಿಸಿದ ಮೇಲೆ

ಕೌಲ್ ಬಜಾರಿನ ಸವರಿಯಪ್ಪ ಮಾಸ್ತರರು
ನನ್ನ ಕೈಗೆ ಕೊಟ್ಟದ್ದು ಒಂದು ಕಬ್ಬಿಣದ ತ್ರಿಕೋಣ,
ತೂಗುಹಾಕಲು ದಾರ, ಬಡಿಯಲು ಮೊಳೆ.
"ನೂರಾ ಹನ್ನೆರಡು ಆವರ್ತ ಎಣಸು.
ಆಮ್ಯಾಲೆ ಒಂದೇ ಏಟು. ಹೊಡದು ಕುಂತುಬಿಡು."

ದಿನಾ ಸಂಜೀಕ ಹೋಗ್ತಿ, ಏನ್ ಬಾರಸ್ತಿ?
ಅವ್ವ ಕೇಳಿದಳು.
ಎಣಸ್ತೀನಿ ಅಂದೆ.
ಮತ್ತೆ ಕೇಳಲಿಲ್ಲ.

ಇಪ್ಪತ್ತಾರು ಜನ ನಾವು.
ಪಿಟೀಲಿಗೆ ಪೋಸ್ಟಾಫೀಸಿನ ವೆಂಕೋಬಾಚಾರ್ರು,
ಕ್ಲಾರಿನೆಟ್ಟಿಗೆ ಬ್ಯಾಂಡ್‌ಸೆಟ್ಟಿನ ಖಾಜಾಹುಸೇನಿ;
ಲಗ್ನದ ತಿಂಗಳು ಬಂತೆಂದರೆ
ನಮ್ಮ ವಾದ್ಯವೃಂದಕ್ಕೆ ಉಸಿರೇ ಇಲ್ಲ.
ಆಳೆತ್ತರದ ಪಿಟೀಲು ಮದ್ರಾಸಿನಿಂದ ಹೊರಟು
ಗುಂತಕಲ್ಲಿನಲ್ಲಿ ಕುತ್ತಿಗೆ ಮುರಿದುಕೊಂಡು ಬಂತು.
ಬಡಗಿ ಮೋನಪ್ಪ ಅದನ್ನು
ನೊಗ ಕೂಡಿಸಿದ ಹಾಗೆ ಕೂಡಿಸಿದ.

ಮಾಸ್ತರರ ಕೈಯಲ್ಲಿದ್ದ ಕೋಲು ಬಳ್ಳಾರಿ ಜಾಲಿ.
ಗಾಜಿನ ಚೂರಿನಲ್ಲಿ ಹೆರೆದು, ಎಣ್ಣೆ ಕುಡಿಸಿ,
ಹಿಡಿಯ ಹತ್ತಿರ ಮಾತ್ರ ಒಂದು ಮುಳ್ಳಿನ ಬುಡ ಬಿಟ್ಟಿದ್ದರು,
ಹೆಬ್ಬೆರಳು ನಿದ್ದೆ ಹೋಗದಿರಲಿ ಎಂದು.

ಅಪ್ಪ ದಂಡಿನಲ್ಲಿ ಬ್ಯೂಗಲ್ ಊದಿದವನು.
ಮಗ ಹದಿನೆಂಟಕ್ಕೆ ಮುಂಬಯಿ ಸೇರಿ
ಹನ್ನೊಂದು ವರ್ಷ ಸಿನಿಮಾದವರ ಪಿಟೀಲು ಸಾಲಿನಲ್ಲಿ
ಮೂರನೆಯ ಕುರ್ಚಿ. ಯಾವ ತಟ್ಟೆಯ ಮೇಲೂ ಹೆಸರಿಲ್ಲ.
ಒಂದು ದಿನ ಬಿಲ್ಲು ಸಡಿಲಿಸಿ ರೈಲು ಹತ್ತಿದರಂತೆ.
ಯಾಕ್ರೀ ಅಂದರೆ,
"ಅಲ್ಲಿ ಮಳಿ ಭಾಳ. ಸ್ವರ ಬೂಸಲು ಹಿಡೀತಾವ."

ಬರೆದದ್ದು ಒಂದೇ ದೊಡ್ಡ ಕೃತಿ, ಹೆಸರು 'ಗುಡ್ಡ'.
ದರ್ಜಿಗಳು ಅಳತೆ ಕತ್ತರಿಸುವ ಕಂದು ಕಾಗದದ ಮೇಲೆ
ಐದೈದು ಗೆರೆ ಎಳೆದು, ಒಂಬತ್ತು ಬೇಸಿಗೆ.
"ರಾತ್ರಿ ಬಂಡೆ ತಣಿಯುವಾಗ ಒಳಗ ಟಿಣ್ ಅಂತದ.
ಕೇಳೀಯೇನು?"
ಇಲ್ಲ ಸಾರ್.
"ಅದು ನೀನು."

ಕಚೇರಿಯ ದಿನ, ತೊಂಬತ್ತೇಳನೆಯ ಆವರ್ತಕ್ಕೆ
ಕರೆಂಟು ಹೋಯಿತು.
ಫ್ಯಾನು ನಿಂತ ಸದ್ದಿನಲ್ಲಿ ಯಾರೂ ನಿಲ್ಲಲಿಲ್ಲ.
ಹಾಳೆಯಿಲ್ಲ, ಕೋಲಿಲ್ಲ, ಮಾಸ್ತರರೂ ಇಲ್ಲ;
ಕತ್ತಲಲ್ಲಿ ಅವರ ಬೂಟಿನ ಹಿಮ್ಮಡಿ ಮಾತ್ರ.
ನೂರಾ ಹತ್ತು. ಹನ್ನೊಂದು. ಹನ್ನೆರಡು.
ಬೆವರಿಗೆ ಮೊಳೆ ಜಾರಿತು.
ಹಿಡಿದು ಹೊಡೆದೆ.

ಆಮೇಲೆ ಹಿತ್ತಲಲ್ಲಿ, ಬಕೆಟ್ಟಿಗೆ ತಲೆ ಬಗ್ಗಿಸಿ,
"ಒಂದು ತಡ ಆತು" ಅಂದರು.
ಮುಖಕ್ಕೆ ನೀರು ಚಿಮುಕಿಸಿಕೊಂಡರು.
"ಕಲ್ಲು ಹಂಗs."

ಇನ್ನೊಮ್ಮೆ ನುಡಿಸುವುದು ಆಗಲಿಲ್ಲ.
ಖಾಜಾಹುಸೇನಿ ಗುಲ್ಬರ್ಗಕ್ಕೆ ಹೋದ,
ವೆಂಕೋಬಾಚಾರ್ರಿಗೆ ಬೆರಳು ನಡುಗತೊಡಗಿತು,
ಮಾಸ್ತರರು ಶಾಲೆ ಮಕ್ಕಳಿಗೆ ಸಾಲಾಗಿ ನಡೆಯಲು ಕಲಿಸಿದರು,
ಎಡ, ಬಲ, ಎಡ, ಸಾಯುವ ಹಿಂದಿನ ವಾರದವರೆಗೆ.

ಮಣ್ಣು ಕೊಟ್ಟ ದಿನ ಅವರ ತಂಗಿ ಗಂಟೊಂದನ್ನು ತಂದು,
"ನಿನ್ನ ಕಸಬಿನ ಕಾಗದ, ತಗೋ" ಅಂದರು.
ಈಗ ನನ್ನದು ಜೀನ್ಸಿನ ಅಂಗಡಿ. ನಲವತ್ತು ಮಷೀನು,
ನಲವತ್ತೂ ಬೇರೆ ಬೇರೆ ಲಯ, ಮುಂದೆ ನಿಲ್ಲುವವರಿಲ್ಲ.
ಬಿಚ್ಚಿ ನೋಡಿದೆ. ಒಂದು ಹಾಳೆಯ ಮೇಲೆ ಯಾರೋ
ಹಿಂಜೇಬಿನ ಅಳತೆ ಗುರುತು ಹಾಕಿದ್ದರು.
ನನ್ನ ಸಾಲಿನಲ್ಲಿ ೧೧೨ ಹೊಡೆದು ಹಾಕಿ
ಕೆಂಪು ಪೆನ್ಸಿಲ್ಲಿನಲ್ಲಿ ೧೧೩.

ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಮಲಗುತ್ತೇನೆ.
ಎದುರಿಗೇ ಗುಡ್ಡ.
ಲಾರಿ, ನಾಯಿ, ಪಕ್ಕದ ಮನೆಯ ಟೀವಿ.
ಅರವತ್ತಕ್ಕೋ ಎಪ್ಪತ್ತಕ್ಕೋ ಎಣಿಕೆ ತಪ್ಪಿ
ಮತ್ತೆ ಒಂದರಿಂದ.