ಎಂಟೂವರೆಯ ಲೆಕ್ಕ

ಹನ್ನೊಂದು ವರ್ಷ ಜೈಸಲ್ಮೇರಿನಲ್ಲಿ
ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ
ಮಳೆಮಾಪಕದ ಬಾಯಿ ತೆಗೆದು
ಒಳಗಿನ ಮರಳು ಕೊಡವಿ
ಸೊನ್ನೆ ಬರೆದವನು ನಾನು.

ಸೊನ್ನೆ, ಚುಕ್ಕಿ, ಸೊನ್ನೆ.
ಕೈಗೆ ಎಷ್ಟು ರೂಢಿಯೆಂದರೆ
ರೇಷನ್ ಅರ್ಜಿಯಲ್ಲಿ ಒಮ್ಮೆ
ವಯಸ್ಸಿನ ಜಾಗದಲ್ಲೂ ಅದನ್ನೇ ಬರೆದಿದ್ದೆ.
ಒಂದು ದಿನ ಡಬ್ಬಿಯಲ್ಲಿ ಪಾರಿವಾಳದ ಪುಕ್ಕ,
ಒಂದು ದಿನ ಸತ್ತ ಜೀರುಂಡೆ.
ಅವಕ್ಕೆ ವಹಿಯಲ್ಲಿ ಕಾಲಮ್ಮಿರಲಿಲ್ಲ.

ವರ್ಗಾವಣೆ: ಮಡಿಕೇರಿ.
ಮೂರು ರೈಲು, ಒಂದು ಬಸ್ಸು.
ಕುಶಾಲನಗರ ದಾಟಿ ಮೇಲೇರುವಾಗ
ಕಿಟಕಿಗೆ ಏನೋ ಬಿಳಿಯದು ಅಂಟಿಕೊಂಡೇ ಬಂತು.
ಹೊಗೆಯಾ? ಅಂದೆ.
ಕಂಡಕ್ಟರ್ ನಕ್ಕು ಬಾಕಿ ಚಿಲ್ಲರೆ ಕೊಟ್ಟ.

ಮೊದಲ ವಾರವೇ ಹಪ್ಪಳ ಬಟ್ಟೆಯಂತಾಯಿತು,
ಬೆಲ್ಟಿನ ಮೇಲೆ ಹಸಿರು ಬೂಷ್ಟು,
ಉಪ್ಪಿನ ಡಬ್ಬಿ ತೆರೆದರೆ ಪುಟ್ಟದೊಂದು ಕೆರೆ.
ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ
ಅದರ ಮೇಲೆ ಬನಿಯನ್ನು ಹರವಿದರೆ
ಬೇಯುತ್ತಿತ್ತು, ಒಣಗುತ್ತಿರಲಿಲ್ಲ.
ಹೊಗೆವಾಸನೆಯ ಅಂಗಿ ತೊಟ್ಟು
ಮುಜುಗರದಿಂದಲೇ ಆಫೀಸಿಗೆ ಹೋದೆ.
ಅಲ್ಲಿ ಎಲ್ಲರದೂ ಅದೇ ವಾಸನೆ.

ಗಾಜಿನ ಅಳತೆಲೋಟ ಹಿಡಿಯುವುದು ಇಪ್ಪತ್ತೇ ಮಿಲಿಮೀಟರು.
ಜುಲೈ ಏಳರ ಬೆಳಿಗ್ಗೆ
ತುಂಬಿದೆ, ಚೆಲ್ಲಿದೆ, ತುಂಬಿದೆ, ಚೆಲ್ಲಿದೆ,
ಐದನೆಯದೋ ಆರನೆಯದೋ
ಲೆಕ್ಕ ತಪ್ಪಿತು.
ಚೆಲ್ಲಿದ ನೀರನ್ನು ಮತ್ತೆ ಕರೆದು ಕೇಳುವಂತಿಲ್ಲ.
ಕೊಡೆಯ ಕೆಳಗೆ ನಿಂತೇ ಬೆವೆತೆ.

ಪೆನ್ಷನ್ ಲೇನಿನ ಮನೆಯೊಡತಿ ಚೋಂದವ್ವನಿಗೆ ಫೋನು ಮಾಡಿದೆ.
ಅವರದೂ ಒಂದು ಡಬ್ಬಿ ಅಂಗಳದಲ್ಲಿದೆ.
‘ನಿಮ್ಮದು ಸರಕಾರಿ ಮಳೆ ಅಲ್ಲವಾ.
ನನ್ನದು ಆರು ಇಂಚು ಎಪ್ಪತ್ತು ಸೆಂಟು.’
ಇಪ್ಪತ್ತೈದು ಚುಕ್ಕಿ ನಾಲ್ಕರಿಂದ ಗುಣಿಸಿದೆ.
ಅದನ್ನೇ ಬರೆದೆನೋ ಇಲ್ಲವೋ
ಇಲ್ಲಿ ಹೇಳುವುದಿಲ್ಲ.

ಸಂಜೆ ಅವರಲ್ಲಿ ಕಡುಬು, ಬೈಂಬಳೆ ಸಾರು.
ಕಪಾಟಿನ ತುಂಬ ಕಪ್ಪು ರಟ್ಟಿನ ಡೈರಿಗಳು:
ದಿನಕ್ಕೊಂದು ಇಂಚು, ಸೆಂಟು, ಕೆಲವೆಡೆ ಒಂದೊಂದು ಮಾತು.
ಮೆಣಸು ಕೊಯ್ದು ಆಯಿತು.
ನಾಯಿ ತೀರಿತು.
ಪೂವಿಗೆ ಹೆಣ್ಣು ಮಗು.
ಪುಟ ತಿರುಗಿಸುತ್ತ ಒಂದು ಆಗಸ್ಟಿಗೆ ಬಂದೆ.
ಒಂದು ದೊಡ್ಡ ಅಂಕಿ. ಮರುದಿನ ಖಾಲಿ.
ಅದರ ಮರುದಿನವೂ.
‘ಆಮೇಲೆ ಮಳೆ ಬರಲಿಲ್ಲವಾ?’
‘ಬಂತು’ ಅಂದರು.
‘ಡಬ್ಬಿ ಇಟ್ಟಿದ್ದ ಅಂಗಳ ಹೋಗಿತ್ತು.
ಈ ಡೈರಿ ಚೀಲವೊಂದೇ ಕೈಗೆ ಸಿಕ್ಕಿದ್ದು.’
ಇನ್ನೊಂದು ಸೌಟು ಸಾರು ಬಿತ್ತು ನನ್ನ ತಟ್ಟೆಗೆ.
ಆ ಖಾಲಿ ಚೌಕದ ಮೇಲೆ
ನನ್ನ ಬೆರಳು ತಾನಾಗಿ ದುಂಡಗೆ ಸುತ್ತುತ್ತಿತ್ತು.
ಹಿಂದೆಗೆದುಕೊಂಡೆ.

ಕಕ್ಕಡ ಪದಿನೆಟ್ಟಿಗೆ
ಮದ್ದುಸೊಪ್ಪಿನ ನೇರಳೆ ಪಾಯಸ ಕುಡಿಸಿದರು.
ಮಾರನೆಯ ಬೆಳಿಗ್ಗೆ ಉಚ್ಚೆ ಕೆಂಪಗೆ ಹೋಗಿ
ಎದೆ ಒಡೆದು, ಡಾಕ್ಟರ್ ಯಾರು ಅಂತ ಓಡಿಬಂದರೆ
ಚೋಂದವ್ವ ಕಂಬ ಹಿಡಿದುಕೊಂಡು ನಕ್ಕರು.
‘ಒಳಗೆ ಹತ್ತಿತು ಬಿಡಿ.’

ಈಗ ಲೆಕ್ಕ ತಪ್ಪುವುದಿಲ್ಲ.
ಕುಷ್ಟಗಿಯ ಕಣದಲ್ಲಿ ಅಪ್ಪ
ಜೋಳದ ರಾಶಿಗೆ ಕೈಮುಗಿದು
ಸೇರಿನಿಂದ ಅಳೆಯುತ್ತಿದ್ದ ಹಾಗೆ
ಬಾಯಿಬಿಟ್ಟೇ ಎಣಿಸುತ್ತೇನೆ.

ನಿನ್ನೆ ಎಂಟೂವರೆಗೇ ಮೂಲಾರಾಮನ ಫೋನು.
‘ಇಲ್ಲಿ ಸೊನ್ನೆ. ಅಲ್ಲಿ?’
ತಾಳು ಅಂದು ಮೊಬೈಲನ್ನು ಅಂಗಿಯ ಜೇಬಿಗಿಳಿಸಿದೆ.
ಲಾಭ.
ಎರಡು.
ಮೂರು.
ಕೊಡೆಯ ಮೇಲೆ ಸುರಿಯುತ್ತಲೇ ಇತ್ತು,
ನಾಳೆಯ ಲೆಕ್ಕಕ್ಕೆ.
ಎಂಟಾದ ಮೇಲೆ ಎತ್ತಿಕೊಂಡರೆ
ಅವನಿನ್ನೂ ಕೇಳುತ್ತಲೇ ಇದ್ದ.
ಹಿಂದಿಯಲ್ಲೂ ಅದೇ ಮಾತಲ್ಲವೇ,
ಅದೊಂದು ತಿಳಿದಿತ್ತು ಅವನಿಗೆ.
‘ಲಾಭ ಅಂದೆಯಲ್ಲ, ಯಾರಿಗೆ?’

ಒಂದು ಅಂತ ಅರ್ಥ,
ಅಷ್ಟೇ, ಅಂದೆ.