ಸುಣ್ಣದಕಲ್ಲಿನ ದಾರ್ಯಾಗ

ಲೋಕಾಪುರದ ನಮ್ಮ ಮನಿ ಮುಂದ
ಹಗಲೂ ರಾತ್ರಿ ಲಾರಿ.
ಒಳಗ ಸುಣ್ಣದಕಲ್ಲು, ಹಿಂದ ಬಿಳಿ ಧೂಳು.
"ಅವ್ವಾ, ಅದು ಬರೇ ಕ್ಯಾಲ್ಸಿಯಂ" ಅಂತಾಳ ಕಸ್ತೂರಿ,
ಒಂಬತ್ತನೇ ಇಯತ್ತೆ ಪುಸ್ತಕ ತೊಡಿ ಮ್ಯಾಲ ಇಟಗೊಂಡು.
ಇರಬಹುದವ್ವಾ.
ಟನ್‌ಗಟ್ಟಲೆ ಕಣ್ಣ ಮುಂದ ಹೋತು,
ನನ್ನ ಮಣಿಕಟ್ಟಿಗೆ ಒಂದು ಚಿಟಿಕಿ ಸಿಗಲಿಲ್ಲ.

ಬಿದ್ದದ್ದು ಒಂದು ಗೇಣು ಕಟ್ಟಿಯಿಂದ.
ಮಕ್ಕಳು ಬಿದ್ದು ನಗುವಷ್ಟ ಎತ್ತರ.
ಒಣ ಸಜ್ಜಿ ದಂಟು ಮುರದಂಗ ಸಣ್ಣ ಸದ್ದು.
ಖಾನಾವಳಿಗೆ ದಿನಾ ಇನ್ನೂರು ರೊಟ್ಟಿ ಬಡಿಯೋ ಕೈ
ಪ್ಲಾಸ್ಟರಿನಾಗ ಮಲಗಿತು, ತೊಟ್ಟಿಲ ಕೂಸಿನಂಗ.

ಮುಧೋಳದ ಡಾಕ್ಟರಬಾಯಿ ಎಕ್ಸರೇ ಬೆಳಕಿಗೆ ಹಿಡಿದು
"ನಿಂಬೆವ್ವಾರ, ಹಾಲು ಕುಡೀತೀರಿಲ್ಲೋ?" ಅಂದ್ಲು.
"ಕುಡುದ್ರ ಹೊಟ್ಟ್ಯಾಗ ಗಿರಣಿ ಸುರು ಆಗತೈತ್ರಿ.
ನಮ್ಮಪ್ಪಗೂ ಹಿಂಗ ಇತ್ತು."
ಬೈತಾಳ ಅಂದ್ಕೊಂಡಿದ್ದೆ.
ಚೀಟಿ ತಿರುವಿ ಹಾಕಿ, ಬೆನ್ನಿನ ಬದಿಗೆ
ಎಳ್ಳು
ಅಂತ ಬರದ್ಲು, ಕನ್ನಡದಾಗ, ದೊಡ್ಡದಾಗಿ.

ಎಳ್ಳಂತ!
ಸಂಕ್ರಮಣಕ್ಕ ಸಜ್ಜಿ ರೊಟ್ಟಿ ಮ್ಯಾಲ ಒತ್ತಿ
ಮುಂದಿನ ಸಂಕ್ರಮಣದ ತನಕ ಡಬ್ಬ್ಯಾಗ ಮರತು ಬಿಡೂದು.
"ಸಿಪ್ಪಿ ತಗದ ಬಿಳೇದು ಬ್ಯಾಡ. ಕರೇದು.
ಹುರದು ಕುಟ್ಟಿ, ದಿನಾ ಎರಡು ಚಮಚಾ."

ನನಗ ಇನ್ನೂ ಬಿಳಿದರ ಮ್ಯಾಲ ಆಸೆ.
"ಕುಸಬಿ ಹಾಲು ನಡೀತೈತೇನ್ರಿ?
ನಮ್ಮವ್ವ ನೆನಿ ಹಾಕಿ, ರುಬ್ಬಿ, ಹಿಂಡಿ
ಹುಗ್ಗಿ ಮಾಡತಿದ್ಲು."
"ಉಣ್ರಿ, ಚೊಲೋನ ಐತಿ.
ಆದ್ರ ಬೆಳ್ಳಗಿದ್ದದ್ದೆಲ್ಲಾ ಎಲುಬಲ್ಲ."

ಪಾಲಕದಾಗೂ ಐತಂತ, ಆದ್ರ ಅದು ಬಿಟ್ಟು ಕೊಡಾಂಗಿಲ್ಲಂತ,
ಮದುವ್ಯಾಗ ಆಯೇರಿ ಕವರು ಕಿಸೆದಾಗ ಇಟಗೊಂಡ
ಉಂಡು ಹೊಳ್ಳಿ ಹೋಗಾವ್ರಂಗ.
"ತಿನ್ರಿ, ಭರೋಸಾ ಇಡಬ್ಯಾಡ್ರಿ.
ನುಗ್ಗಿ ಗಿಡ ಐತೇನು ಮನಿ ಹತ್ರ?"

ಐತಿ, ಹಸೀನಾಬಿ ಹಿತ್ತಲದಾಗ.
ಇಷ್ಟು ದಿನ ಕಾಯಿ ನಮಗ, ಎಲಿ ಅಕಿ ಆಡಿಗೆ.
ಈಗ ಆಡಿನ ಪಾಲಿನಾಗ ನನಗೊಂದು ಹಿಡಿ.
ಗ್ವಾಡಿ ಮ್ಯಾಲಿಂದ ಕೊಟ್ಟು ಹೇಳತಾಳ:
"ಎರಡು ಸಲ ತೊಳಿ, ಲಾರಿ ಧೂಳು ಕುಂತೈತಿ."

ಆರು ವಾರ.
ಎಡಗೈಲೆ ಗುರೆಳ್ಳು ಹುರದೆ, ಹೊತ್ತಿಸಿದೆ.
ಹುರಳಿ ಕಟ್ಟು ಬಸಿಯಾಕ ಹೋಗಿ ಕಾಲು ಸುಟ್ಟಕೊಂಡೆ.
ಕಸ್ತೂರಿ ಕರಿಬೇವಿನ ಚಟ್ನಿಪುಡಿ ಮಾಡಿದ್ಲು, ಉಪ್ಪು ಮರತು.
ಮುಂಜಾನೆ ಬಿಸಿಲಿಗೆ ಕುಂದರ್ರಿ ಅಂದಿದ್ಲು ಡಾಕ್ಟರಬಾಯಿ,
ಕುಂತೆ.
ಇಪ್ಪತ್ತು ವರ್ಷದಾಗ ಮೊದಲ ಸಲ
ಒಲಿದಲ್ಲದ ಬಿಸಿ.

ಅತ್ತಿ ಸಂಗವ್ವ ಎಲಿಗೆ ಸುಣ್ಣ ಸವರಿ
"ನನ್ನ ಎಲುಬಿಗೆ ಇಷ್ಟ ಸಾಕವಾ" ಅಂತಾಳ.
ಬಗ್ಗಿ ಬಗ್ಗಿ ಅಕಿಗೆ ಈಗ
ಆಕಾಶ ಕಾಣೂದು ಬಾವಿ ನೀರಾಗಷ್ಟ.
ನಾ ಏನೂ ಅನ್ನಲಿಲ್ಲ.
ಎಳ್ಳಿನ ಡಬ್ಬಿ ಮಾತ್ರ
ಲೆಕ್ಕಕ್ಕಿಂತ ಲಗೂ ತಳ ಕಾಣಾಕತ್ತೈತಿ.

ಪ್ಲಾಸ್ಟರು ಕೊಯ್ದ್ರು.
ಒಳಗ ಯಾರದೋ ಕೈ. ಸಣಕಲು, ಬಣ್ಣಗೇಡಿ.
ಮೊದಲನೇ ರೊಟ್ಟಿ ವಾರಿ ಆತು.
ಎರಡನೇದಕ್ಕ ಎಳ್ಳು ಒತ್ತಿದೆ,
ಯಾವ ಹಬ್ಬನೂ ಇಲ್ಲದ ಮಂಗಳವಾರ.

"ಸೊಪ್ಪು ತೊಳದ ನೀರಾಗೂ ಕ್ಯಾಲ್ಸಿಯಂ ಇರತೈತಲ್ಲಾ?"
ಬೋಗುಣಿ ಹಿಡಕೊಂಡು ನಿಂತಾಳ ಕಸ್ತೂರಿ.
ಗಿಡದ ಬುಡಕ್ಕ ಚೆಲ್ಲು, ಅಂದೆ.
ಕಲ್ಲು ತಿನ್ನಾಕ ಅದಕ್ಕ ಬರತೈತಿ,
ನಮಗ ಬರೂದಿಲ್ಲ.

ಹೊರಗ ಲಾರಿ ಹೋತು, ಒಲಿ ಮ್ಯಾಲಿನ ಹಂಚು ಅಲುಗಿತು.
ಖಾನಾವಳಿ ಈರಸಂಗಪ್ಪನ ಫೋನು:
"ನಾಳಿಂದ ಐವತ್ತಾದ್ರೂ ಆಗತಾವೇನವಾ?"
ಮಣಿಕಟ್ಟು ಒಮ್ಮೆ ತಿರುವಿ ನೋಡಿಕೊಂಡೆ.
ನಲವತ್ತು, ಅಂದೆ.