ಮೂವತ್ತೇಳು

ಮೊಂತೆಗ್ರನಾರೊ ಗುಡ್ಡದ ಮೇಲೆ, ಅಂಟಿನ ವಾಸನೆಯ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ನನ್ನ ಕೆಲಸ ಇಷ್ಟೇ:
ಕಾಲು ಕೊಡುವುದು.

ಹೆಸರು ಎರ್ಸಿಲಿಯಾ. ಅದು ಯಾರಿಗೂ ಬೇಕಿರಲಿಲ್ಲ.
"ಮೂವತ್ತೇಳು ಬಂದಳಾ?" ಎನ್ನುವನು ನಜ್ಜರೇನೊ,
ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ.

ಬಣ್ಣ ಕಾಣದ ಹಸಿ ಚರ್ಮ, ಅಟ್ಟೆಗೆ ಇನ್ನೂ ಪೆನ್ಸಿಲ್ ಗೀಟು.
ತೊಟ್ಟು ಹತ್ತು ಹೆಜ್ಜೆ ಹೋಗಬೇಕು, ಹತ್ತು ಹೆಜ್ಜೆ ಬರಬೇಕು,
ಎಲ್ಲಿ ಒತ್ತುತ್ತದೆ, ಹೇಳಬೇಕು.
ಹೇಳುವುದನ್ನು ಕಲಿಯಲು ಒಂದು ವರ್ಷ ಹಿಡಿಯಿತು.
ಎಲ್ಲಿ ಒತ್ತುತ್ತದೆ ಎಂದು
ಅದುವರೆಗೆ ಯಾರೂ ಕೇಳಿರಲಿಲ್ಲವಲ್ಲ.

"ಕಿರುಬೆರಳ ಗೆಣ್ಣಿಗೆ. ಒಂದು ಅಕ್ಕಿಕಾಳಿನಷ್ಟು."
ನಜ್ಜರೇನೊ ಮರದ ಅಚ್ಚಿನ ಮೇಲೆ, ಸರಿಯಾಗಿ ಅಲ್ಲೇ,
ಚರ್ಮದ ಚೂರೊಂದು ಅಂಟಿಸುವನು.
ಹಾಗೆ, ನಾನು ಕಾಣದ ಊರುಗಳಲ್ಲಿ,
ಕಾರಿನಿಂದ ಒಂದೊಂದೇ ಕಾಲು ಇಳಿಸುವ ಹೆಂಗಸರ ಮೆಟ್ಟಿನೊಳಗೆ
ಒಂದು ಅಕ್ಕಿಕಾಳಿನಷ್ಟು ಜಾಗ
ನನ್ನದು.

ಮಿಲಾನಿನಿಂದ ಬರುತ್ತಿದ್ದ ವಿನ್ಯಾಸಕ ನನ್ನ ಮುಖ ನೋಡಿದವನಲ್ಲ.
ಕಪ್ಪು ಅಂಗಿ, ಕಪ್ಪು ಕನ್ನಡಕ, ಸಾಕ್ಸೇ ಇಲ್ಲದ ಬಿಳಿ ಕಾಲು.
ಒಮ್ಮೆ ಮಂಡಿಯೂರಿ, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು
"ದೇವರೇ, ಈ ಕಮಾನು!" ಎಂದ.
ನನ್ನ ಮುಂದೆ ಮಂಡಿಯೂರಿದ ಗಂಡಸು ಅವನೊಬ್ಬನೇ.
ದುಲಿಯೊ ನನಗೆ ಉಂಗುರ ಕೊಟ್ಟದ್ದು
ಟ್ರ್ಯಾಕ್ಟರಿನಿಂದ ಇಳಿಯದೆ.

ಮಾದರಿ ಎಂದರೆ ಬಲಗಾಲಿನದು ಮಾತ್ರ, ಗೊತ್ತೇ?
ಎಡದ್ದನ್ನು ಸುಮ್ಮನೆ ನಂಬುತ್ತಾರೆ.
ಬೇಡವಾದ ಮಾದರಿಗಳನ್ನು ಮನೆಗೊಯ್ದು, ಹದಿನಾಲ್ಕಾದವು,
ಎಲ್ಲ ಬಲಗಾಲು. ಹದಿನಾಲ್ಕು ಒಂಟಿ ಹೆಣ್ಣುಗಳು.
ನಜ್ಜರೇನೊ ಉಳಿದ ತುಂಡುಗಳಿಂದ ಎಡದವನ್ನು ಹೊಲಿದುಕೊಟ್ಟ:
ಬೆಳ್ಳಿಯ ಬಲಕ್ಕೆ ಇಟ್ಟಿಗೆಗೆಂಪಿನ ಎಡ,
ಹಾವಿನ ಚರ್ಮಕ್ಕೆ ಪಾದ್ರಿಯ ನಿಲುವಂಗಿಯ ಕಪ್ಪು.
ಹಾಗೇ ತೊಟ್ಟು ಭಾನುವಾರದ ಪ್ರಾರ್ಥನೆಗೆ ಹೋದೆ.
ಪ್ರಿಮೆತ್ತಾ ಜಪಸರ ಬಾಯಿಗೊತ್ತಿ ನಕ್ಕಳು.
ನಾನು ಬೇಕೆಂದೇ ಮುಂದಿನ ಸಾಲಿನವರೆಗೆ ನಡೆದೆ, ನಿಧಾನ,
ಟಕ್ ಎಂದೊಂದು, ಟೊಕ್ ಎಂದೊಂದು.
ನನ್ನ ಬದುಕಿನ ಅತ್ಯಂತ ಶ್ರೀಮಂತ ನಲವತ್ತು ಹೆಜ್ಜೆ.

ಎರಡು ವರ್ಷ ಕಳೆದು, ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುತ್ತ
ಪತ್ರಿಕೆಯೊಂದರಲ್ಲಿ ಕಂಡೆ: ಬೆಳ್ಳಿ ಬಲ, ಇಟ್ಟಿಗೆಗೆಂಪು ಎಡ.
ಬೆಲೆ, ನನ್ನ ನಾಲ್ಕು ತಿಂಗಳ ಸಂಬಳ.
ಕೋಪ ಬರಲಿಲ್ಲ. ಮಾರನೆಯ ದಿನ ಸಂತೆಗೆ ಹೋಗಿ
ಒಂದೇ ಬಣ್ಣದ ಎರಡು ಮೆಟ್ಟು ಕೊಂಡೆ, ಕಂದು, ಹನ್ನೆರಡು ಯೂರೋ.
ಊರಲ್ಲಿ ಆಗ ಹಾಗೆ ತೊಟ್ಟವಳು ನಾನೊಬ್ಬಳೇ.

ಕಾಲಿಗೆ ಬುದ್ಧಿ ಹೇಳಿದವರು ಬೇಕಾದಷ್ಟು ಜನ;
ನನಗೆ ಬುದ್ಧಿ ಹೇಳಿದ್ದು ಮಾತ್ರ ಕಾಲೇ.
ಐವತ್ತಮೂರಕ್ಕೆ ಅದು ಸದ್ದಿಲ್ಲದೆ ಅಗಲವಾಯಿತು,
ಸಾಕು, ಇನ್ನು ನನ್ನಷ್ಟಕ್ಕೆ ನಾನು, ಎಂಬಂತೆ.
ಅಳತೆಪಟ್ಟಿ ಹಿಡಿದ ಹುಡುಗ ಎರಡು ಸಲ ಅಳೆದ.
ಮೂರನೆಯ ಸಲ ಅಳೆಯಲು ನಾಚಿದ.

ನಜ್ಜರೇನೊ ಆ ಹಳೆಯ ಅಚ್ಚನ್ನು ಚೀಲದಲ್ಲಿಟ್ಟು ಕೊಟ್ಟ.
ಅಡುಗೆಮನೆಯ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಟ್ಟಿದ್ದೇನೆ.
ಬರಿಗಾಲನ್ನು ಪಕ್ಕದಲ್ಲಿಟ್ಟು ಕೆಲವೊಮ್ಮೆ ನೋಡುತ್ತೇನೆ:
ಅದಕ್ಕೆ ಕಾಲ ತಾಗಿಲ್ಲ.
ಅದಕ್ಕೆ ಎಲ್ಲೂ ಒತ್ತಿಲ್ಲ, ಪಾಪ.

ಈಗಿನ ಮೂವತ್ತೇಳು ಅಲ್ಬೇನಿಯಾದವಳು, ದ್ರಿತಾ, ಹತ್ತೊಂಬತ್ತು.
ಕಲಿಸಿಕೊಡು ಎಂದು ಒಂದು ವಾರಕ್ಕೆ ನನ್ನನ್ನು ಕರೆಸಿದರು.
ಚೂಪು ತುದಿಯ ಹಸಿರು ಮೆಟ್ಟು ತೊಟ್ಟು,
ಹತ್ತು ಹೆಜ್ಜೆ ಹೋಗಿ, ಹತ್ತು ಹೆಜ್ಜೆ ಬಂದು,
ಎಲ್ಲರಿಗೂ ಒಂದೊಂದು ನಗೆ ಹಂಚಿ,
"ಎಲ್ಲೂ ಒತ್ತುವುದಿಲ್ಲ ಅಮ್ಮಾ, ಹೂವಿನ ಹಾಗಿದೆ" ಎಂದಳು.

ಸುಳ್ಳು, ಎಂದೆ.
ಇನ್ನೊಮ್ಮೆ ನಡೆ.